ಮಂಚದ ಹಲಗೆಯ ಗಿಟಾರ್

"ಭಾವ, ಬೇಗ ಬನ್ನಿ, ಒಂದ್ಸಲ ನೋಡಿ!" ಎಂದು ಭಾಮೈದ ವೇದಿಕೆಯ ಹಿಂದಿನಿಂದ ಎಷ್ಟು ಕೂಗಿದರೂ ಭಾವ ತಲೆಯೆತ್ತಲಿಲ್ಲ. ಹಳೆಯ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಹಿಂದಿನ ಊರಿನ ಕಾರ್ಯಕ್ರಮದಲ್ಲಿ ಬೆವರು ಕುಡಿದಿದ್ದ ತಂತಿಗಳನ್ನು ಒಂದೊಂದಾಗಿ ಸಡಿಲಿಸಿ ಕತ್ತರಿಸುತ್ತಿದ್ದ. ಹೋದ ಊರಿನಲ್ಲೆಲ್ಲ ಅವನ ಕೆಲಸ ಶುರುವಾಗುವುದು ಹೀಗೆಯೇ. ಬೆಳಿಗ್ಗೆ ಹಳೆ ತಂತಿ ತೆಗೆದು, ಗಿಟಾರಿನ ಕತ್ತಿಗೆ ಎಣ್ಣೆ ಹಚ್ಚಿ ಒರೆಸಿ, ಮರ ಸ್ವಲ್ಪ ಮೈ ಸಡಿಲಿಸಿಕೊಳ್ಳಲಿ ಎಂದು ಬಿಡುವುದು; ಊಟವಾದ ಮೇಲೆ ಹೊಸ ತಂತಿ ಬಿಗಿಯುವುದು.

ಅವನು ಮೂಲತಃ ಬಡಗಿ. ಭಾಮೈದ, ಅಂದರೆ ಹೆಂಡತಿಯ ತಮ್ಮ, ರಾಕ್ ತಂಡ ಕಟ್ಟಿಕೊಂಡು ಊರೂರು ಸುತ್ತಲು ಶುರುಮಾಡಿದ ಮೇಲೆ ಅಂಗಡಿಗೆ ಬೀಗ ಹಾಕಿ, ಗಿಟಾರುಗಳನ್ನು ನೋಡಿಕೊಳ್ಳಲು ಜೊತೆಗೆ ಹೊರಟುಬಿಟ್ಟಿದ್ದ. ಈಗ ತಂಡದವರಿಗೆಲ್ಲ ಅವನು ಭಾವನೇ. ಡ್ರಮ್ ಬಾರಿಸುವವನಿಗೂ ಭಾವ, ಲಾರಿ ಓಡಿಸುವವನಿಗೂ ಭಾವ. ಇಷ್ಟೊಂದು ಭಾಮೈದರನ್ನು ಕಟ್ಟಿಕೊಂಡ ಗಂಡಸು ಲೋಕದಲ್ಲೇ ಇನ್ನೊಬ್ಬನಿಲ್ಲ ಎಂದು ಅವನ ಹೆಂಡತಿ ನಗುತ್ತಿದ್ದಳು.

ಕೊನೆಗೆ ಕೈ ಒರೆಸಿಕೊಂಡು ಎದ್ದು ಹೋದ. ಹೊಸ ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ಒಳಗೆ, ಮೆತ್ತನೆಯ ಕಪ್ಪು ಬಟ್ಟೆಯ ಮೇಲೆ, ಒದ್ದೆ ಸ್ಲೇಟಿನ ಬಣ್ಣದ ಗಿಟಾರ್. ಪಕ್ಕದಲ್ಲಿ ಅದನ್ನು ಮಾಡಿದವಳು ನಿಂತಿದ್ದಳು. ಮೂವತ್ತು ದಾಟಿರಲಾರದು, ತುರುಬಿಗೆ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು. ರಾತ್ರಿ ಲಾರಿಯಲ್ಲಿ ತರುವಾಗ ಏನಾದರೂ ಪೆಟ್ಟಾಯಿತೇ ಎಂಬ ಆತಂಕದಲ್ಲಿ ಮೂಲೆ ಮೂಲೆ ಬಗ್ಗಿ ನೋಡುತ್ತಿದ್ದಳು.

"ನೋಡಿ ಭಾವ, ಇಲ್ಲಿ ನನ್ನ ಮೊಣಕೈ ಉಜ್ಜುತ್ತಲ್ಲ, ಅಲ್ಲಿಗೆ ಅಂಚನ್ನ ಹೇಗೆ ತೀಡಿದಾರೆ! ಈ ಗುಂಡಿ ಕಿರುಬೆರಳಿಗೇ ಸಿಗುತ್ತೆ. ಒತ್ತಿದ್ರೆ ಸದ್ದು ಪೂರ್ತಿ ಬಂದ್" ಎಂದ ಭಾಮೈದ. ಹೊಸ ಶರ್ಟು ಹಾಕಿಕೊಂಡ ಹುಡುಗನ ಮುಖವಾಗಿತ್ತು ಅವನದು.

ಭಾವ ಗಿಟಾರನ್ನು ಎತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿದ. ಕತ್ತು ಒಡಲಿಗೆ ಕೂಡುವ ಕಡೆ ಉಗುರು ಎಳೆದ. ಉಗುರು ಎಲ್ಲೂ ತಡೆಯಲಿಲ್ಲ. ಒಂದು ಕಣ್ಣು ಮುಚ್ಚಿ ಕತ್ತಿನ ನೇರ ನೋಡಿದ. ಕಟ್ಟಿದ ದಾರದ ಹಾಗೆ ನೇರವಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಭಾವನಿಗೆ ದೂರಲು ಡೊಂಕು ನೆಲವೂ ಸಿಗಲಿಲ್ಲ.

"ಹಗುರ ಆಯ್ತೇನೋ" ಎಂದ, ಏನಾದರೂ ಅನ್ನಲೇಬೇಕಲ್ಲ ಎಂದು.

"ಅದೇ ಬೇಕಾಗಿತ್ತು ಭಾವ! ಮಂಚ ಹೊತ್ತೂ ಹೊತ್ತೂ ನನ್ನ ಭುಜ ಬಿದ್ದೋಗಿದೆ. ಇವತ್ತು ಪೂರ್ತಿ ಇದೇ. ಮಂಚ ಸುಮ್ನೆ ಪಕ್ಕದಲ್ಲಿರ್ಲಿ."

ಮಂಚ ಎಂದರೆ ಹಳೆಯ ಗಿಟಾರು. ಭಾಮೈದ ಶಾಲೆಗೆ ಹೋಗುತ್ತಿದ್ದಾಗ ಅಕ್ಕನ ಮನೆಯಲ್ಲೇ ಇದ್ದ. ಗಿಟಾರ್ ಬೇಕೆಂದು ಎರಡು ದಿನ ಊಟ ಬಿಟ್ಟಿದ್ದ. ಭಾವ ತಾನೂ ಹೆಂಡತಿಯೂ ಮಲಗುವ ಮಂಚದ ತಲೆಹಲಗೆಯನ್ನೇ ಕಿತ್ತು, ಅಂಗಡಿಯಲ್ಲಿ ಗಿಟಾರು ಹೇಗಿರುತ್ತದೆಂದು ಗಾಜಿನ ಹೊರಗಿನಿಂದ ನೋಡಿಕೊಂಡು ಬಂದು, ಕೊರೆದು ಕೊಟ್ಟಿದ್ದ. ಕತ್ತು ಒಂದಿಷ್ಟು ಬಾಗಿತ್ತು, ತಂತಿಗಳು ಹಲಗೆಯಿಂದ ಮೇಲೆ ನಿಂತಿದ್ದವು. ಹುಡುಗನ ಬೆರಳು ಒಡೆದು ರಕ್ತ ಬಂತು. ಆದರೂ ಬಿಡದೆ, ಮೊಳೆ ಒತ್ತುವವನ ಹಾಗೆ ಒತ್ತಿ ಒತ್ತಿ ಕಲಿತ. ಆಮೇಲೆ ಭಾವ ಕತ್ತು ಬದಲಿಸಿದ, ತಂತಿ ಬಿಗಿಯುವ ಬಿರಡೆ ಬದಲಿಸಿದ, ಒಳಗಿನ ವೈರು ಬದಲಿಸಿದ. ಕೈ ಮಾತ್ರ ಬದಲಾಗಲಿಲ್ಲ. ವೇದಿಕೆ ಏರಿದರೆ ಅವನು ಈಗಲೂ ಹಾಗೆಯೇ ಒತ್ತುತ್ತಾನೆ. ಸಾಮಾನ್ಯ ಗಿಟಾರಾದರೆ ಆ ಒತ್ತಿಗೆ ತಂತಿ ಬಿಗಿದು ಶ್ರುತಿ ಏರಿಬಿಡುತ್ತದೆ. ಅದಕ್ಕೇ ಭಾವ ದಪ್ಪ ತಂತಿ ಹಾಕಿ, ಎತ್ತರಿಸಿ, ಶ್ರುತಿಯನ್ನು ಕೂದಲೆಳೆಯಷ್ಟು ಇಳಿಸಿ ಕೊಡುತ್ತಿದ್ದ. ಇದು ಭಾಮೈದನಿಗೂ ಸರಿಯಾಗಿ ಗೊತ್ತಿರಲಿಲ್ಲ. ತನ್ನ ಕೈ ಹೊರತು ಮಂಚ ಯಾರಿಗೂ ಒಗ್ಗುವುದಿಲ್ಲ, ಮಂಚದ ಹೊರತು ತನ್ನ ಕೈಗೆ ಯಾವುದೂ ಒಗ್ಗುವುದಿಲ್ಲ ಎಂದಷ್ಟೇ ತಿಳಿದಿದ್ದ. ಮೊನ್ನೆಯವರೆಗೆ.

ನಿನ್ನೆ, ಹೊಸ ಗಿಟಾರು ಬಂದ ಗಳಿಗೆಯಲ್ಲೇ, ಪತ್ರಿಕೆಯವರೂ ಬಂದಿದ್ದರು; ಭಾವ ಹತ್ತಿರ ಹೋಗದೆ ದೂರದಿಂದಲೇ ನೋಡಿದ್ದ. ಭಾಮೈದ ಹೊಸಬಳನ್ನು ಕೈಹಿಡಿದು ಕ್ಯಾಮೆರಾ ಮುಂದೆ ನಿಲ್ಲಿಸಿ, "ಇದನ್ನ ಮಾಡಿದವರು ಇವರು" ಎಂದಿದ್ದ. ಚಪ್ಪಾಳೆ ಬಿದ್ದಿತ್ತು. ಇಷ್ಟು ವರ್ಷಗಳಲ್ಲಿ ಮಂಚವನ್ನು ಮಾಡಿದವರು ಯಾರೆಂದು ಒಬ್ಬ ನರಪಿಳ್ಳೆಯೂ ಕೇಳಿರಲಿಲ್ಲ, ಭಾಮೈದನೂ ಹೇಳಿರಲಿಲ್ಲ. ಭಾವನಿಗೆ ಅದುವರೆಗೆ ಹಾಗನ್ನಿಸಿಯೂ ಇರಲಿಲ್ಲ. ನಿನ್ನೆ ಅನ್ನಿಸಿತು. ಅನ್ನಿಸಿದ್ದು ರಾತ್ರಿಯೆಲ್ಲ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತೆ ಉರಿಯಿತು.

ಮನೆಗೆ ಫೋನು ಮಾಡಿದರೆ ಹೆಂಡತಿಗೆ ದನಿಯಲ್ಲೇ ಗೊತ್ತಾಯಿತು.

"ಏನ್ರೀ, ಗಂಟಲು ಕಟ್ಟಿದ್ಯಾ?"

"ನಿನ್ನ ತಮ್ಮ ಹೊಸ ಗಿಟಾರ್ ತರಿಸಿದಾನೆ. ಒಬ್ಬಳು ಮಾಡಿಕೊಟ್ಟಿದಾಳೆ."

"ಅಯ್ಯೋ, ಹಾಗಾದ್ರೆ ನಿಮ್ಮ ಮಂಚಕ್ಕೆ ಸವತಿ ಬಂದ್ಲು ಅನ್ನಿ!"

"ತಮಾಷೆ ಸಾಕು."

"ತಮಾಷೆ ಅಲ್ಲ ಕಣ್ರೀ. ನೀವು ಅವನನ್ನ ನನಗಿಂತ ಜಾಸ್ತಿ ಹಚ್ಕೊಂಡಿದೀರ. ಉರಿ ಆದ್ರೆ ತಣ್ಣೀರು ಕುಡೀರಿ. ಆ ಹುಡುಗಿ ಮೇಲೆ ಮಾತ್ರ ತೋರಿಸ್ಬೇಡಿ, ಪಾಪ."

ಊಟದ ಹೊತ್ತಿಗೆ ಆ ಹುಡುಗಿಯೇ ಹುಡುಕಿಕೊಂಡು ಬಂದಳು. "ನಾನೂ ಭಾವ ಅಂತ್ಲೇ ಕರೀಬಹುದಾ?"

"ಎಲ್ರೂ ಕರೀತಾರೆ."

ಅವಳು ಪೆಟ್ಟಿಗೆಯ ತುದಿಯಲ್ಲಿ ಕುಳಿತಳು. "ಒಂದು ಕೇಳ್ಬೇಕಿತ್ತು. ನಾನು ತಂತಿ ತುಂಬ ಕೆಳಗೆ ಇಟ್ಟಿದೀನಿ. ನಮ್ಮ ವರ್ಕ್‌ಶಾಪಿಗೆ ಬಂದಾಗ ಅವರು ಕೂತ್ಕೊಂಡು ಮೆಲ್ಲಗೆ ನುಡಿಸಿದ್ರು, ಚೆನ್ನಾಗೇ ಇತ್ತು. ಸ್ಟೇಜ್ ಮೇಲೆ ಕೈ ಬೇರೆ ಥರ ಇರುತ್ತಾ? ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು."

ಉತ್ತರ ಭಾವನ ನಾಲಿಗೆಯ ತುದಿಯಲ್ಲಿತ್ತು. ಎರಡು ತಿರುಪು ಒಂದಿಷ್ಟು ತಿರುಗಿಸಿದರೆ ಮುಗಿಯುವ ಕೆಲಸ. ಹೇಳಿಬಿಟ್ಟರೆ? ಆಮೇಲೆ ತನ್ನ ಹತ್ತಿರ ಉಳಿಯುವುದಾದರೂ ಏನು, ಪೆಟ್ಟಿಗೆ ಹೊರುವ ಕೆಲಸವೇ?

"ಎಲ್ರ ಕೈ ಇದ್ದ ಹಾಗೇ ಇದೆ, ವಿಶೇಷ ಏನಿಲ್ಲ" ಎಂದ.

"ಅಬ್ಬಾ, ಭಯ ಹೋಯ್ತು" ಎಂದು ಅವಳು ನಕ್ಕು ಎದ್ದು ಹೋದಳು.

ಹೊಸ ತಂತಿಯ ಪೊಟ್ಟಣ ಕೈಯಲ್ಲಿತ್ತು. ಮಂಚ ಎದುರಿಗಿತ್ತು. ತಂತಿ ಬಿಗಿಯುವ ಹೊತ್ತು. ಪಕ್ಕದಲ್ಲಿರಲಿ ಎಂದನಲ್ಲ, ಇರಲಿ. ಪಕ್ಕದಲ್ಲಿ ಸುಮ್ಮನೆ ಇರುವುದಕ್ಕೆ ತಂತಿ ಯಾಕೆ? ಭಾವ ಪೊಟ್ಟಣವನ್ನು ಜೇಬಿಗಿಳಿಸಿದ. ಮಂಚವನ್ನು ವೇದಿಕೆಯ ಪಕ್ಕದ ಸ್ಟ್ಯಾಂಡಿಗೆ ಸಿಕ್ಕಿಸಿ, ಯಾರಿಗೂ ಕಾಣದಂತೆ ಮೇಲೊಂದು ಬಟ್ಟೆ ಹೊದಿಸಿದ. ಇನ್ನೊಂದು ಗಳಿಗೆ ಬಿಟ್ಟು ತಂತಿ ಹಾಕಿದರಾಯಿತು ಎಂದುಕೊಂಡ. ಗಳಿಗೆಗಳು ಹೋದವು, ಅವನು ಏಳಲಿಲ್ಲ. ಯಾರ ಮೇಲೆ ಮುನಿಸಿಕೊಂಡಿದ್ದೇನೆಂದು ಕೇಳಿದ್ದರೆ ಅವನಿಗೇ ಹೇಳಲು ಬರುತ್ತಿರಲಿಲ್ಲ.

ಕಾರ್ಯಕ್ರಮ ಶುರುವಾದಾಗ ಹೊತ್ತು ಮುಳುಗುತ್ತಿತ್ತು. ಮೈದಾನ ತುಂಬಿತ್ತು. ಮೊದಲ ಹಾಡು ನಿಧಾನದ್ದು. ಹೊಸ ಗಿಟಾರು ಬೆಣ್ಣೆಯಲ್ಲಿ ಕೂದಲು ಎಳೆದಂತೆ ನುಡಿಯಿತು. ವೇದಿಕೆಯ ಆಚೆ ಬದಿಯಲ್ಲಿ ಹೊಸಬಳು ತುದಿಗಾಲಲ್ಲಿ ನಿಂತು ಕೇಳುತ್ತಿದ್ದಳು. ಈಚೆ ಬದಿಯಲ್ಲಿ ಭಾವ ನೆಲ ನೋಡುತ್ತಿದ್ದ.

ಎರಡನೆಯದು ಬಿರುಸಿನ ಹಾಡು. ಭಾಮೈದ ಕಾಲು ಅಗಲಿಸಿ ನಿಂತು, ತಲೆ ಬಗ್ಗಿಸಿ, ತನ್ನ ಹಳೆಯ ಅಭ್ಯಾಸದಂತೆ ಒತ್ತತೊಡಗಿದ. ಮೂರನೆಯ ತಂತಿ ಮೊದಲು ಕೈಕೊಟ್ಟಿತು. ಶ್ರುತಿ ಏರಿ, ಹಾಡು ಒಂದು ಕಡೆ ಗಿಟಾರು ಒಂದು ಕಡೆ ಆಯಿತು. ಕೀಬೋರ್ಡಿನವನು ಹುಬ್ಬು ಗಂಟಿಕ್ಕಿ ತಿರುಗಿದ. ಹೊಸಬಳ ಕೈ ಬಾಯಿಗೆ ಹೋಯಿತು. ಭಾವನ ಹೊಟ್ಟೆ ತಣ್ಣಗಾಯಿತು. ನಿನ್ನೆಯಿಂದ ಮೊದಲ ಸಲ ಅವನು ನೆಟ್ಟಗೆ ನಿಂತ.

ಹಾಡು ಹೇಗೋ ಮುಗಿಯಿತು. ಭಾಮೈದ ಜನರತ್ತ ನಗುತ್ತಲೇ ಹಿಂದೆ ಹಿಂದೆ ಹೆಜ್ಜೆಯಿಟ್ಟು ಬಂದು, ಹೊಸ ಗಿಟಾರನ್ನು ಒಂದು ಕೈಯಲ್ಲಿ ಕಳಚುತ್ತ, ಇನ್ನೊಂದು ಕೈಯನ್ನು ತಿರುಗಿಯೂ ನೋಡದೆ ಹಿಂದಕ್ಕೆ ಚಾಚಿದ. ಎಷ್ಟೋ ಊರುಗಳಲ್ಲಿ ಚಾಚಿದ ಕೈ ಅದು.

"ಮಂಚ ಕೊಡಿ ಭಾವ. ಅದಿಲ್ದೆ ಆಗಲ್ಲ ನನಗೆ."

ಇದೇ ಮಾತು ಬೇಕಾಗಿತ್ತು ಭಾವನಿಗೆ. ಸಂತೋಷ ನೆತ್ತಿಗೇರಿ ಎಲ್ಲ ಮರೆತೇಹೋಯಿತು. ಬಟ್ಟೆ ಎಳೆದೆಸೆದು, ಅಭ್ಯಾಸದ ಕೈಯಿಂದ ಮಂಚದ ಕತ್ತು ಹಿಡಿದೆತ್ತಿದ. ಅಂಗೈಗೆ ಬರಿಯ ಮರ ಸಿಕ್ಕಿತು.

ಕೈಗೆ ಏನೂ ಬಾರದಿದ್ದಾಗ ಭಾಮೈದ ತಿರುಗಿದ. ಬೋಳು ಗಿಟಾರನ್ನು ನೋಡಿದ. ಭಾವನ ಜೇಬಿನಿಂದ ಇಣುಕುತ್ತಿದ್ದ ಪೊಟ್ಟಣವನ್ನು ನೋಡಿದ.

"ಹಾಕಿಲ್ವಾ?"

"ಇಲ್ಲ ಕಣೋ."

ಬೈದಿದ್ದರೆ ಭಾವ ಬದುಕಿಕೊಳ್ಳುತ್ತಿದ್ದ. ಭಾಮೈದ ಬೈಯಲಿಲ್ಲ. ಒಂದು ಕ್ಷಣ ಭಾವನ ಮುಖವನ್ನೇ ನೋಡಿ, ಮೈಕಿನತ್ತ ನಡೆದ.

"ಸ್ವಲ್ಪ ಹೊತ್ತು ಕ್ಷಮಿಸ್ಬೇಕು" ಎಂದ ಜನರಿಗೆ. "ನನ್ನ ಹಳೇ ಗಿಟಾರಿನ ತಂತಿ ಹೋಗ್ಬಿಟ್ಟಿದೆ. ನಮ್ಮ ಭಾವ ಹೊಸದು ಹಾಕ್ತಿದಾರೆ. ಆ ಗಿಟಾರ್ ಮಾಡಿದವರೂ ಅವರೇ. ನಮ್ಮಕ್ಕನ ಮಂಚ ಕಿತ್ತು ಮಾಡಿದ್ದು. ಅಕ್ಕ ಇವತ್ತಿಗೂ ತಲೆಹಲಗೆ ಇಲ್ಲದ ಮಂಚದಲ್ಲೇ ಮಲಗ್ತಾಳೆ!"

ಮೈದಾನ ಗೊಳ್ಳೆಂದು ನಕ್ಕಿತು. ಯಾರೋ ಒಬ್ಬ "ಭಾವಾ!" ಎಂದು ಕೂಗಿದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಎಲ್ಲರೂ ಕೈತಟ್ಟುತ್ತ, "ಭಾವ! ಭಾವ!" ಎಂದು ತಾಳಕ್ಕೆ ಸರಿಯಾಗಿ ಕರೆಯತೊಡಗಿದರು.

ಭಾವ ಮಂಡಿಯೂರಿ ಕುಳಿತು ಪೊಟ್ಟಣ ಹರಿದ. ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದ ಕೆಲಸ, ಈಗ ಕಣ್ಣು ಬಿಟ್ಟರೂ ಬಾರದು. ಆಚೆ ಬದಿಯಿಂದ ಓಡಿಬಂದ ಹೊಸಬಳು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಟಾರ್ಚು ಹಿಡಿದಳು. ಅವನು ತಲೆಯೆತ್ತದೆ ಹೇಳಿದ:

"ನೀವು ಕೇಳಿದ್ರಲ್ಲಮ್ಮ. ಅವನ ಕೈ ಭಾರ. ಚಿಕ್ಕಂದಿನಿಂದ್ಲೂ ಭಾರ. ತಂತಿ ಎತ್ತರ ಇಡ್ಬೇಕು. ಶ್ರುತಿ ಒಂದು ಕೂದಲೆಳೆ ಇಳಿಸ್ಬೇಕು."

"ಮಧ್ಯಾಹ್ನ ಹೇಳ್ಬಹುದಿತ್ತು" ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು.

"ಹೇಳ್ಬಹುದಿತ್ತು."

ತಂತಿಯ ತುದಿ ಬಿರಡೆಯ ತೂತಿಗೆ ಹೋಗಲೊಲ್ಲದು. ಒಮ್ಮೆ ಜಾರಿತು, ಮತ್ತೊಮ್ಮೆ ಬೆರಳಿಗೆ ಚುಚ್ಚಿತು. ಹೊರಗೆ ಮೈದಾನ ಅವನನ್ನು ಕರೆಯುತ್ತಲೇ ಇತ್ತು. ಅವಳು ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ತಂತಿಯ ಇನ್ನೊಂದು ತುದಿಯನ್ನು ಅಲುಗಾಡದಂತೆ ಹಿಡಿದಳು.