ಬೋರಲು ಹಾಕಿದ ಲೋಟ

ಅವ್ವನನ್ನು ಮನೆಯಲ್ಲೇ ಬಿಟ್ಟು ಬಾ ಎಂದು ರಾಣಿ ತನ್ನ ಅಪ್ಪನಿಗೆ ಮೊದಲೇ ಹೇಳಿದ್ದಳು. ಚಾಮುಂಡಮ್ಮನ ಬಾಯಿಗೆ ಬೀಗವಿಲ್ಲ. ಎದುರಿಗೆ ಕೂತವರ ಮೂರು ತಲೆಮಾರು ಕೇಳಿ, ತನ್ನ ಮೂರು ತಲೆಮಾರು ಹೇಳಿ ಮುಗಿಸುವ ತನಕ ಅವಳಿಗೆ ಉಂಡದ್ದು ಅರಗುವುದಿಲ್ಲ. ಅಂಥವಳನ್ನು ಕಟ್ಟಿಕೊಂಡು ಹುಡುಗನ ತಾಯಿಯ ಮುಂದೆ ಹೋಗಿ ಕೂರುವುದುಂಟೇ? ಹಾಗಾಗಿ ಆ ಭಾನುವಾರ ಪುಟ್ಟಮಾದಯ್ಯ ಒಬ್ಬನೇ ಹೊರಟ. ಲೊಕ್ಕನಹಳ್ಳಿಗಿಂತ ಆಚೆ, ಕಾಡಂಚಿನಲ್ಲಿದ್ದ ತನ್ನ ಊರಿನಿಂದ ಬಸ್ಸು ಹಿಡಿದು, ಬಿಳಿ ಅಂಗಿ ಮುದುರದಂತೆ ಬೆನ್ನು ನೆಟ್ಟಗೆ ಮಾಡಿಕೊಂಡೇ ಕೂತು, ಕೊಳ್ಳೇಗಾಲದಲ್ಲಿ ಇಳಿದ.

ರಾಣಿ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದಳು. ಕೊಳ್ಳೇಗಾಲದ ಒಂದು ಖಾಸಗಿ ಶಾಲೆಯಲ್ಲಿ ಅವಳು ಟೀಚರು. ಮಕ್ಕಳಿಗೆ ಪಾಠ ಒಪ್ಪಿಸುವುದನ್ನು ಕಲಿಸುವವಳು, ಅವತ್ತು ಅಪ್ಪನಿಗೂ ದಾರಿಯುದ್ದಕ್ಕೂ ಪಾಠ ಹೇಳಿದಳು.

“ಬಸವೇಶನ್ನ ಬುದ್ಧಿ ಅನ್ಬ್ಯಾಡ ಕಣಪ್ಪ. ಅವ್ರವ್ವನ್ನ ಅಮ್ಮಾವ್ರೇ ಅನ್ಬ್ಯಾಡ. ಅಕ್ಕ ಅನ್ನು, ಸಾಕು.”

“ಆಗ್ಲಿ ಕಣವ್ವ.”

“ಕುರ್ಚಿ ತುದೀಲ್ ಕೂತ್ಕಬ್ಯಾಡ. ಒರಗಿ ಕೂತ್ಕ.”

“ಊಂ.”

“ಯಾವ ಜನ ಅಂತ ಕೇಳಿದ್ರೆ ನೀನು ಸುಮ್ಕಿರು. ಬಸವೇಶನೇ ಏಳ್ತನೆ.”

ಬಸವೇಶ ಅದೇ ಶಾಲೆಯ ಲೆಕ್ಕದ ಮೇಷ್ಟ್ರು. ಯಳಂದೂರಿನ ಕಡೆ, ಹೊನ್ನೂರಿಗೆ ಹತ್ತಿರದವನು. ಗದ್ದೆ, ತೆಂಗಿನ ತೋಟ ಇರುವ ಲಿಂಗಾಯತರ ಮನೆ. ತಂದೆ ಇಲ್ಲ, ತಾಯಿ ವೀರಮ್ಮನಿಗೆ ಅವನೊಬ್ಬನೇ. ಅವನೂ ರಾಣಿಯೂ ಮದುವೆಯಾಗುವುದೆಂದು ಮಾತಾಡಿಕೊಂಡು ವರ್ಷಗಳೇ ಆಗಿದ್ದವು. ಆದರೆ ತಾಯಿ ಒಪ್ಪದೆ ತಾಳಿ ಕಟ್ಟುವುದಿಲ್ಲ ಎಂದು ಅವನು ಖಂಡಿತವಾಗಿ ಹೇಳಿಬಿಟ್ಟಿದ್ದ. ತಾಯಿಗೆ ಹುಡುಗಿಯ ವಿಷಯ ಹೇಳಿದ್ದ, ಹುಡುಗಿ ಯಾವ ಕೇರಿಯವಳು ಎಂಬುದನ್ನು ಹೇಳಿರಲಿಲ್ಲ. “ಮೊದ್ಲು ಉಡ್ಗಿ ನೋಡವ್ವ, ಆಮೇಲೆ ಏಳ್ತೀನಿ” ಎಂದಿದ್ದನಂತೆ. ವೀರಮ್ಮ ಮತ್ತೆ ಕೇಳಲಿಲ್ಲವಂತೆ.

ಕೇಳದೆ ಇರುವುದೂ ಒಂದು ಉಪಾಯವೇ. ಕೇಳಿದರೆ ಉತ್ತರ ಬರುತ್ತದೆ. ಉತ್ತರ ಬಂದರೆ ಒಬ್ಬನೇ ಮಗನನ್ನು ಬಿಡಬೇಕು, ಇಲ್ಲವೇ ಊರು-ನೆಂಟರನ್ನು ಬಿಡಬೇಕು. ಬಾಯಿ ಮುಚ್ಚಿಕೊಂಡಿರುವಷ್ಟು ದಿನ ಎರಡೂ ಉಳಿಯುತ್ತವೆ. ಮನೆ ನೋಡುವ ಶಾಸ್ತ್ರ ಬೇಡ, ಕೊಳ್ಳೇಗಾಲದಲ್ಲೇ ಯಾವುದಾದರೂ ಹೋಟೆಲಿನಲ್ಲಿ ಸೇರೋಣ ಎಂದವಳೂ ಆಕೆಯೇ. ಅವರ ಮನೆಗೆ ಹೋದರೆ ನೀರು ಕುಡಿಯಬೇಕಾಗುತ್ತದೆ, ತನ್ನ ಮನೆಗೆ ಕರೆದರೆ ನಡುಮನೆಯಲ್ಲಿ ಕೂರಿಸಬೇಕಾಗುತ್ತದೆ. ಹೋಟೆಲಿನಲ್ಲಿ ಈ ಎರಡು ತಾಪತ್ರಯವೂ ಇಲ್ಲ. ಅಲ್ಲಿ ದೋಸೆ ಹುಯ್ದವರು ಯಾರೆಂದು ಯಾವ ಪುಣ್ಯಾತ್ಮನೂ ಅಡುಗೆಮನೆಗೆ ಇಣುಕಿ ಕೇಳಿದ್ದಿಲ್ಲ. ಬಿಲ್ಲು ಕೊಟ್ಟವರದ್ದೆಲ್ಲ ಒಂದೇ ಜಾತಿ.

ಮುಕುಂದ ಭವನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ದೊಡ್ಡ ಹೋಟೆಲೇನಲ್ಲ. ಗಲ್ಲಾದ ಮೇಲೆ ಹೂ ಮುಡಿಸಿದ ದೇವರ ಪಟ, ಒಳಗೆ ಕಲ್ಲುಹಾಸಿನ ಮೇಜುಗಳು, ಹಿಂಬದಿಯಲ್ಲಿ ಕೈ ತೊಳೆಯುವ ನಲ್ಲಿ, ಅದರ ಪಕ್ಕ ಓಣಿಗೆ ತೆರೆದ ಒಂದು ಕಿಟಕಿ. ವೀರಮ್ಮ ಮತ್ತು ಬಸವೇಶ ಆಗಲೇ ಬಂದು ಕೂತಿದ್ದರು.

“ಬನ್ನಿ ಅಣ್ಣ, ಕೂತ್ಕಳಿ. ಬಸ್ಸು ಸಿಕ್ತಾ?”

ಅಣ್ಣ ಎಂದಳು ವೀರಮ್ಮ. ಪುಟ್ಟಮಾದಯ್ಯ “ಸಿಕ್ತು ಅಕ್ಕ,” ಎಂದು, ಮಗಳ ಪಾಠ ನೆನಪಾಗಿ, ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಒರಗಿ ಕೂತ. ಬೆನ್ನಿಗೆ ಕುರ್ಚಿ ತಾಗಿದ್ದು ಅವನಿಗೆ ಹಿತವಾಗಲಿಲ್ಲ.

“ಎಸ್ರೇನು ಅಂದ್ರಿ?”

“ಪುಟ್ಟಮಾದಯ್ಯ ಅಂತ.”

“ಮಾದಪ್ಪನ ಒಕ್ಕಲು,” ಎಂದು ವೀರಮ್ಮ ತೃಪ್ತಿಯಿಂದ ತಲೆಯಾಡಿಸಿದಳು. ಆ ಸೀಮೆಯಲ್ಲಿ ಈ ಹೆಸರು ಯಾರನ್ನೂ ಬಿಟ್ಟುಕೊಡುವುದಿಲ್ಲ. ಬೆಟ್ಟದ ಮಾದಪ್ಪನ ಹೆಸರು ಗೌಡರ ಮನೆಯಲ್ಲೂ ಇದೆ, ಮಠದ ಮನೆಯಲ್ಲೂ ಇದೆ, ಕೇರಿಯಲ್ಲೂ ಇದೆ. ಇಬ್ಬರ ಹಣೆಯ ಮೇಲೂ ವಿಭೂತಿಯಿತ್ತು.

ಸಪ್ಲೈಯರ್ ಬಂದು ಇರುವ ತಿಂಡಿಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಎಲ್ಲರಿಗೂ ದೋಸೆ, ಕೇಸರಿಬಾತು ಎಂದು ಬಸವೇಶನೇ ಹೇಳಿದ. ತಿಂಡಿ ಬರುವ ತನಕ ವೀರಮ್ಮ ರಾಣಿಯ ಕೈಯನ್ನು ತನ್ನ ಕಡೆಗೆ ಎಳೆದುಕೊಂಡು ಅಂಗೈ ಮುಟ್ಟಿ ನೋಡಿದಳು. “ಟೀಚರ್ ಆದ್ರೂ ಗೇದಿರೋ ಕೈ ಕಣಪ್ಪ ಇದು,” ಎಂದು ಮಗನಿಗೆ ಹೇಳಿದಳು. ರಾಣಿ ನೆಲ ನೋಡಿದಳು. ಅವಳ ಕಿವಿ ಕೆಂಪಾದದ್ದು ಅಪ್ಪನಿಗೆ ಕಾಣಿಸಿತು.

“ನಿಮ್ ಕಡೆ ಆನೆ ಕಾಟ ಜಾಸ್ತಿಯಂತೆ?” ಎಂದು ವೀರಮ್ಮ ಕೇಳಿದಳು.

ಇದು ಅವನಿಗೆ ಬರುವ ಪಾಠ. “ಏನ್ ಏಳನ ಅಕ್ಕ. ಮೊದ್ಲೆಲ್ಲ ಪಟಾಕಿ ಒಡುದ್ರೆ ಓಡೋಯ್ತಿದ್ವು. ಈಗ ಅವ್ಕೂ ರೂಢಿ ಆಗೋಗದೆ. ನಮ್ ಪಟಾಕಿ ಮುಗಿಯಗಂಟ ಬೇಲಿ ಆಚೆ ನಿಂತ್ಕಂಡು ಕಾಯ್ತವೆ. ಮುಗುದ್ ಮ್ಯಾಲೆ ಒಳಿಕ್ ಬಂದು ನಿಧಾನ್ವಾಗಿ ತಿಂತವೆ.”

ವೀರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಬಸವೇಶ ನಕ್ಕ. ರಾಣಿ ಅಪ್ಪನ ಮುಖವನ್ನು ಮೊದಲ ಸಲ ನಿರಾಳವಾಗಿ ನೋಡಿದಳು. ತಿಂಡಿ ಬಂತು. ವೀರಮ್ಮ ತನ್ನ ಕೇಸರಿಬಾತಿನ ತಟ್ಟೆಯನ್ನು ಎತ್ತಿ, ಚಮಚೆಯಿಂದ ಅರ್ಧಕ್ಕೂ ಹೆಚ್ಚನ್ನು ಪುಟ್ಟಮಾದಯ್ಯನ ತಟ್ಟೆಗೆ ಸರಿಸಿದಳು.

“ನಂಗೆ ಸಕ್ರೆ ಕಾಯ್ಲೆ. ಇನ್ನೂ ಮುಟ್ಟಿಲ್ಲ, ತಕಳಿ ಅಣ್ಣ.”

ಪುಟ್ಟಮಾದಯ್ಯ ತಟ್ಟೆಯನ್ನೇ ನೋಡಿದ. ಇಂಥವರ ಮನೆಗಳಲ್ಲಿ ಅವನು ಬಾಲ್ಯದಿಂದ ಉಂಡಿದ್ದಾನೆ. ಕೊಟ್ಟಿಗೆಯಲ್ಲಿ ಉಂಡಿದ್ದಾನೆ, ಹಿತ್ತಿಲಿನಲ್ಲಿ ಉಂಡಿದ್ದಾನೆ, ಮೇಲಿನಿಂದ ಬಿಟ್ಟದ್ದನ್ನು ಕೈಯೊಡ್ಡಿ ಹಿಡಿದು ಉಂಡಿದ್ದಾನೆ. ತಮ್ಮ ತಟ್ಟೆಯಿಂದ ಅವನ ತಟ್ಟೆಗೆ ಸರಿಸಿದವರು ಈವರೆಗೂ ಯಾರೂ ಇರಲಿಲ್ಲ. ಆಕೆಗೆ ಗೊತ್ತಿಲ್ಲ, ಗೊತ್ತಿದ್ದರೆ ಹೀಗೆ ಮಾಡುತ್ತಿರಲಿಲ್ಲ ಎಂದು ಮನಸ್ಸಿನ ಒಂದು ಮೂಲೆ ಹೇಳಿತು. ಗೊತ್ತಾಗದೆಯೇ ಈ ಬದುಕು ಕಳೆದುಹೋದರೂ ಸಾಕಲ್ಲ ಎಂದು ಇನ್ನೊಂದು ಮೂಲೆ ಹೇಳಿತು. ಹೊಟ್ಟೆಗೆ ಹಾಲು ಹುಯ್ದಂತಾಗಿ, ಸಿಹಿ ಸೇರದವನಾದರೂ ಅವನು ಆ ಕೇಸರಿಬಾತನ್ನು ಒಂದು ಅಗುಳೂ ಉಳಿಸದೆ ತಿಂದ.

ಎಲ್ಲರೂ ಕೈ ತೊಳೆದು ಬಂದರು. ಕಾಫಿ ಬಂತು, ಸ್ಟೀಲ್ ಲೋಟದಲ್ಲಿ, ನೊರೆ ಸಮೇತ. ವೀರಮ್ಮ ಕಾಫಿ ಆರಿಸಿಕೊಳ್ಳುತ್ತ, “ಆಷಾಢ ಕಳೀಲಿ, ಒಂದ್ ಒಳ್ಳೆ ದಿನ ನೋಡನ,” ಎಂದಳು. ಅಷ್ಟೇ ಮಾತು. ಆ ಮಾತಿಗಾಗಿ ರಾಣಿ ಎಷ್ಟು ಕಾದಿದ್ದಳೋ, ಮೇಜಿನ ಕೆಳಗೆ ಅಪ್ಪನ ಮಂಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮುಗಿಯಿತು, ಗೆದ್ದೆವು ಎಂದುಕೊಂಡ ಪುಟ್ಟಮಾದಯ್ಯ. ಅವನ ಎಚ್ಚರ ತಪ್ಪಿದ್ದು ಅಲ್ಲೇ. ಕಾಫಿ ಕುಡಿದು ಮುಗಿಸಿ, ಬಸವೇಶ ಹೇಳುತ್ತಿದ್ದ ಶಾಲೆಯ ವಿಷಯಕ್ಕೆ ತಲೆದೂಗುತ್ತಲೇ ಎದ್ದು ನಿಂತ. ಲೋಟ ಕೈಯಲ್ಲೇ ಇತ್ತು. ನಲ್ಲಿಯ ಹತ್ತಿರ ಹೋದ. ನೀರು ಬಿಟ್ಟು ಲೋಟ ತೊಳೆದ, ಬೆರಳು ಹಾಕಿ ತಳ ಉಜ್ಜಿದ, ಇನ್ನೊಮ್ಮೆ ಗಲಬರಿಸಿ ಚೆಲ್ಲಿದ. ಆಮೇಲೆ ಕಿಟಕಿಯಿಂದ ಕೈ ಹೊರಗೆ ಹಾಕಿ, ಓಣಿಯ ಕಡೆಗಿದ್ದ ಕಟ್ಟೆಯ ಮೇಲೆ ಲೋಟವನ್ನು ಬೋರಲು ಹಾಕಿದ.

“ಲೋಟ ಅಲ್ಲೇ ಬುಡಿ ಯಜಮಾನ್ರೇ, ಕ್ಲೀನರ್ ತಕತನೆ,” ಎಂದು ಸಪ್ಲೈಯರ್ ಕೂಗಿದ. ಅಷ್ಟು ಹೊತ್ತಿಗೆ ಆಗುವುದು ಆಗಿಹೋಗಿತ್ತು.

ಅವನ ಊರಿನ ಟೀ ಅಂಗಡಿಯಲ್ಲಿ ಹೊರಗೋಡೆಯ ಮೇಲೆ ಕೆಲವು ಲೋಟಗಳಿರುತ್ತಿದ್ದವು. ಅವು ಕೇರಿಯವರ ಲೋಟ. ತಾವೇ ತೆಗೆದುಕೊಂಡು, ಹೊರಗೆ ನಿಂತು ಕುಡಿದು, ತಾವೇ ತೊಳೆದು, ಅಲ್ಲೇ ಬೋರಲು ಹಾಕಿ ಹೋಗಬೇಕು. ಈಗ ಆ ಅಂಗಡಿಗೆ ಪೇಪರ್ ಕಪ್ಪು ಬಂದು, ಮರ್ಯಾದೆಯೋ ಅವಮಾನವೋ, ಎಲ್ಲರದ್ದೂ ಒಂದೇ ಬುಟ್ಟಿಗೆ ಬೀಳುತ್ತದೆ. ಆದರೆ ಸ್ಟೀಲ್ ಲೋಟ ಕೈಗೆ ಬಂದರೆ ಪುಟ್ಟಮಾದಯ್ಯನ ಕೈ ಅವನ ಮಾತು ಕೇಳುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಜನ ಸುಲಭವಾಗಿ ಹೇಳಿಬಿಡುತ್ತಾರೆ. ಇದು ಹುಟ್ಟಿದ ಗುಣವಲ್ಲ ಸ್ವಾಮಿ, ಕಲಿಸಿದ ಗುಣ. ಕಲಿಸಿದವರು ಮರೆತಿರಬಹುದು, ಕಲಿತವರು ಮರೆಯುವುದಿಲ್ಲ. ಪಾಪ, ರಾಣಿ ಮನೆಯ ಬಾಯನ್ನು ಮನೆಯಲ್ಲೇ ಬಿಡಿಸಿದ್ದಳು. ಕೈಯನ್ನು ಎಲ್ಲಿ ಬಿಟ್ಟು ಬರುವುದು?

ಅವನು ತಿರುಗಿದಾಗ ವೀರಮ್ಮ ಕಿಟಕಿಯ ಆಚೆಗಿನ ಲೋಟವನ್ನು ನೋಡುತ್ತಿದ್ದಳು. ಬೇರೆ ಯಾರೇ ಆಗಿದ್ದರೂ ಅದನ್ನು ಹಳ್ಳಿಗನ ಮುಗ್ಧತೆ ಎಂದು ನಕ್ಕು ಬಿಡುತ್ತಿದ್ದರು. ಆಕೆ ನಗಲಿಲ್ಲ.

“ನಮ್ಮತ್ತೆ ಮನೇಲೂ ಅಂಗೇ ಮಡಗ್ತಿದ್ರು,” ಎಂದಳು, ಮೆಲ್ಲಗೆ, ಯಾರಿಗೂ ಅಲ್ಲವೆಂಬಂತೆ. “ಕೊಟ್ಟಿಗೆ ಗೋಡೆ ಮ್ಯಾಲೆ. ಆಳುಗಳು.”

“ಅವ್ವ,” ಎಂದ ಬಸವೇಶ.

ಆಕೆ ಮಗನ ಕಡೆ ನೋಡಲಿಲ್ಲ. ಎದ್ದು ನಲ್ಲಿಯ ಹತ್ತಿರ ಹೋಗಿ ಕೈ ತೊಳೆದಳು. ಆಗಲೇ ಒಮ್ಮೆ ತೊಳೆದಿದ್ದ ಕೈ. ಈ ಸಲ ಬಹಳ ಹೊತ್ತು ತೊಳೆದಳು. ಪುಟ್ಟಮಾದಯ್ಯ ಅಲ್ಲೇ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟು ನಿಂತಿದ್ದ. ಆಕೆಯ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಆಕೆಯ ಕಣ್ಣಲ್ಲಿ ನೀರು ತುಂಬಿತ್ತು. ಕೇಳದೆ ಜೋಪಾನ ಮಾಡಿಕೊಂಡು ಬಂದಿದ್ದ ಪ್ರಶ್ನೆಗೆ, ಕೇಳದೆಯೇ ಉತ್ತರ ಕೊಟ್ಟವನು ತಾನು ಎಂದು ಅವನಿಗೆ ಅರ್ಥವಾಯಿತು.

ವೀರಮ್ಮ ಚೀಲ ತೆಗೆದುಕೊಂಡಳು. ಸಾವಿನ ಮನೆಯೊಂದನ್ನು ಬಿಟ್ಟರೆ, ಆ ಕಡೆ ಯಾರೂ ಎಲ್ಲಿಂದಲೂ ‘ಬತ್ತೀವಿ’ ಎನ್ನದೆ ಹೊರಡುವುದಿಲ್ಲ. ಹೋಗುವಾಗಲೂ ಬರುತ್ತೇವೆ ಎಂದೇ ಹೇಳಿ ಹೋಗುವ ಜನ.

“ಓಯ್ತೀವಿ,” ಎಂದಳು ವೀರಮ್ಮ.

“ಆಗ್ಲಿ ಅಮ್ಮಾವ್ರೇ,” ಎಂದ ಪುಟ್ಟಮಾದಯ್ಯ. ಮಾತು ಹೊರಗೆ ಬಿದ್ದ ಮೇಲೆ ಅವನಿಗೇ ಕೇಳಿಸಿತು.

ಬಸವೇಶ ರಾಣಿಯ ಹತ್ತಿರ ನಿಂತು, “ಫೋನ್ ಮಾಡ್ತೀನಿ,” ಎಂದ. ತಾಯಿ ಬೀದಿಗೆ ಇಳಿದಾಗಿತ್ತು. ಅವನು ಒಂದು ಕ್ಷಣ ಅತ್ತ ನೋಡಿದ, ಒಂದು ಕ್ಷಣ ಇತ್ತ ನೋಡಿದ, ಆಮೇಲೆ ತಾಯಿಯ ಹಿಂದೆ ಹೋದ.

ಮಗಳು ಬಯ್ಯುತ್ತಾಳೆ ಎಂದುಕೊಂಡು ಪುಟ್ಟಮಾದಯ್ಯ ತಲೆ ತಗ್ಗಿಸಿ ನಿಂತ. ಬೈದಿದ್ದರೆ ಚೆನ್ನಾಗಿತ್ತು. ರಾಣಿ ಎದ್ದು ಹೋಗಿ ಕಿಟಕಿಯಾಚೆಯ ಲೋಟವನ್ನು ತೆಗೆದುಕೊಂಡು ಬಂದು ಮೇಜಿನ ಮೇಲೆ ಇಟ್ಟಳು. ಅಪ್ಪನನ್ನು ಕೂರಿಸಿದಳು. ತನ್ನ ಲೋಟದಲ್ಲಿ ತಣ್ಣಗಾಗಿ ಉಳಿದಿದ್ದ ಕಾಫಿಯನ್ನು ಅದಕ್ಕೆ ಹುಯ್ದಳು.

“ಕುಡಿಯಪ್ಪ.”

ಕುಡಿದ. ಕೆನೆಗಟ್ಟಿದ ಕಾಫಿ, ತಳದ ತನಕ ಕುಡಿದ. ಮುಗಿದ ಮೇಲೆ ಲೋಟ ಹಿಡಿದ ಕೈ ತಾನಾಗಿ ಮೇಲೇಳುವುದರಲ್ಲಿತ್ತು. ರಾಣಿ ಅವನ ಮಣಿಕಟ್ಟನ್ನು ಹಿಡಿದಳು.

“ಬುಡು. ಅಲ್ಲೇ ಇರ್ಲಿ.”

“ಯಾರು ಕಲ್ಸುದ್ದು ನಿಂಗೆ ಇದಾ?” ಎಂದು ಮಣಿಕಟ್ಟು ಬಿಡದೆಯೇ ಕೇಳಿದಳು.

“ಯಾರೂ ಕಲ್ಸ್ನಿಲ್ಲ ಕಣವ್ವ. ನಮ್ಮಪ್ಪ ತೊಳೀತಿದ್ದ, ನಾ ನೋಡ್ತಿದ್ದಿ.”

ಕ್ಲೀನರ್ ಬಂದ. ಮೇಜಿನ ಮೇಲಿದ್ದ ನಾಲ್ಕೂ ಲೋಟಗಳನ್ನು ಒಂದೇ ಕೈಯಲ್ಲಿ ಬಾಚಿ ಬಕೆಟ್ಟಿಗೆ ಹಾಕಿ, ಬಟ್ಟೆಯಿಂದ ಮೇಜು ಒರೆಸಿ, ಆಚೆ ಮೇಜಿಗೆ ಹೋದ. ಪುಟ್ಟಮಾದಯ್ಯ ಬಕೆಟ್ಟನ್ನು ಇಣುಕಿ ನೋಡಿದ. ತನ್ನ ಲೋಟ ಯಾವುದು, ವೀರಮ್ಮನದ್ದು ಯಾವುದು ಎಂದು ಅವನಿಗೆ ಗೊತ್ತಾಗಲಿಲ್ಲ.

ಬಸ್ ನಿಲ್ದಾಣದಲ್ಲಿ ಲೊಕ್ಕನಹಳ್ಳಿಯ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ರಾಣಿ ಫೋನನ್ನು ಕೈಯಲ್ಲೇ ಹಿಡಿದುಕೊಂಡು, ಮುಖವನ್ನು ಆ ಕಡೆ ತಿರುಗಿಸಿ, ಸದ್ದಿಲ್ಲದೆ ಅಳುತ್ತಿದ್ದಳು. ಫೋನು ಹೊಡೆದುಕೊಂಡಾಗ ಇಬ್ಬರೂ ಬೆಚ್ಚಿದರು. ರಾಣಿ ಪರದೆಯ ಮೇಲಿನ ಹೆಸರು ನೋಡಿ ಅಪ್ಪನ ಕೈಗೆ ಕೊಟ್ಟಳು. ಚಾಮುಂಡಮ್ಮ ಊರಿನಿಂದ ಮಾಡಿದ್ದಳು.

“ಏನಂದ್ರು? ಒಪ್ಕಂಡ್ರಾ? ನೀನು ಬಾಯ್ಬುಟ್ಟು ಎಲ್ಲಾನೂವೆ ಏಳ್ಬುಡ್ನಿಲ್ಲ ತಾನೆ?”

“ಇಲ್ಲ ಕಣಮ್ಮಿ,” ಎಂದ ಪುಟ್ಟಮಾದಯ್ಯ. “ನಾ ಬಾಯೇ ಬುಡ್ನಿಲ್ಲ.”