ಮೊಂಡು ಬಾಲದ ಗುಬ್ಬಿ

ರಾತ್ರಿ ಪಾಳಿ ಮುಗಿಸಿ ಬಂದ ನರ್ಸಮ್ಮ ಚಪ್ಪಲಿ ಬಿಡುವುದಕ್ಕೂ ಗೋಡೆ ಹಿಡಿದಳು. ಕಾಲು ಊದಿ ಕಂಬವಾಗಿದ್ದವು. ರಾತ್ರಿ ಕಾವಲಿಗೆ ಮಲಗಿದ್ದ ಪಕ್ಕದ ಮನೆಯಾಕೆ ಆಗಲೇ ಹೊರಟಾಗಿತ್ತು. ಇನ್ನು ಅಕ್ಕನ ಮೈ ಒರೆಸಬೇಕು, ಬಟ್ಟೆ ಬದಲಿಸಬೇಕು, ತುತ್ತು ತಿನ್ನಿಸಬೇಕು. ನಿದ್ದೆ ಆಮೇಲಿನ ಮಾತು.

ಅಕ್ಕ ಇಪ್ಪತ್ತೆಂಟು ವರ್ಷ ಬಸ್ ಕಂಡಕ್ಟರ್ ಆಗಿದ್ದವಳು. ಮಾತೆಂದರೆ ಅರಳು ಹುರಿದ ಹಾಗೆ. ಬಸ್ಸಿನಲ್ಲಿ ಎಂಬತ್ತು ಜನ ತುಂಬಿದ್ದರೂ ಒಂದು ತಲೆ ಲೆಕ್ಕ ತಪ್ಪುತ್ತಿರಲಿಲ್ಲ. ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಬಿತ್ತು, ನಾಲಿಗೆ ತೊದಲಿತು. ನೋಡಲು ಬಂದ ನೆಂಟರು "ಏನಂದ್ರಿ? ಏನಂದ್ರಿ?" ಎಂದು ಮೂರು ಸಲ ಕೇಳಿದ್ದೇ ಸಾಕಾಯಿತು, ಅಕ್ಕ ಬಾಯಿಗೆ ಬೀಗ ಹಾಕಿಕೊಂಡಳು.

"ಮಾತು ಬರುತ್ತೆ. ಅವರೇ ಆಡ್ತಿಲ್ಲ," ಎಂದಿದ್ದರು ಡಾಕ್ಟರು. "ಹೀಗೇ ಬಿಟ್ರೆ ಇರೋದೂ ಹೋಗುತ್ತೆ."

ಅಂದಿನಿಂದ ನರ್ಸಮ್ಮನಿಗೆ ಅದೊಂದೇ ಭಯ. ಆ ಗಂಟಲು ಇಲ್ಲದ ಮನೆ ಅವಳಿಗೆ ಮನೆಯೇ ಅಲ್ಲ.

ಕೈಕಾಲು ಆಡಿಸಲು ವಾರಕ್ಕೊಮ್ಮೆ ಬರುವ ಹುಡುಗಿ ಒಂದು ದಾರಿ ಹೇಳಿದಳು. "ಕಿಟಕಿ ಹತ್ರ ಕೂರಿಸಿ ಆಂಟಿ. ಹಿತ್ತಲಲ್ಲಿ ಒಂದು ತಟ್ಟೆ ನೀರು, ಒಂದು ಹಿಡಿ ಕಾಳು ಇಡಿ. ಯಾವ ಹಕ್ಕಿ, ಎಷ್ಟು, ಬರೀರಿ ಅಷ್ಟೇ." ಹೇಳುವವರಿಗೇನು, ಹೇಳಿ ಹೋಗುತ್ತಾರೆ. ಆದರೂ ನರ್ಸಮ್ಮ ಮಾಡಿದಳು. ಮೊದಲ ಮೂರು ದಿನ ಒಂದು ಹಕ್ಕಿಯೂ ಹಾಯಲಿಲ್ಲ. ನಾಲ್ಕನೆಯ ದಿನ ಕಾಗೆ ಬಂದು ತಟ್ಟೆ ಮಗುಚಿತು. ಐದನೆಯ ದಿನ ಗುಬ್ಬಿ ಬಂತು.

ಬರೆಯುವುದೆಂದರೆ ಅವಳಿಗೆ ಗೊತ್ತಿದ್ದದ್ದು ವಾರ್ಡಿನ ಚಾರ್ಟ್ ಒಂದೇ. ಗಂಟೆ, ನಿಮಿಷ, ಏನಾಯಿತು. ಜ್ವರ ಬರೆದ ಹಾಗೆ ಗುಬ್ಬಿ ಬರೆದಳು. 9.40, ಗುಬ್ಬಿ ಒಂದು. 9.43, ಗುಬ್ಬಿ ಒಂದು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರೂ ರೆಪ್ಪೆ ತಾನಾಗಿ ಮುಚ್ಚುತ್ತಿತ್ತು.

ಇಂದು ಕೂಡಿಸಿ ನೋಡಿದರೆ ಒಳ್ಳೆಯ ಮೊತ್ತ ಬಂದಿತ್ತು. ಅವಳಿಗೇ ಸ್ವಲ್ಪ ಜಂಭವಾಯಿತು.

"ನೋಡೇ ಅಕ್ಕಾ, ಒಂದೇ ಬೆಳಗ್ಗೆ ಇಪ್ಪತ್ಮೂರು ಗುಬ್ಬಿ. ನಮ್ಮ ಹಿತ್ತಲು ಸಾಮಾನ್ಯದ್ದಲ್ಲ."

ಕುರ್ಚಿಯಿಂದ ಒಂದು ಸದ್ದು ಬಂತು. ಕೆಮ್ಮೇನೋ ಎಂದು ನರ್ಸಮ್ಮ ನೀರಿನ ಲೋಟ ಹಿಡಿದು ಹೋದಳು. ಅಕ್ಕ ಎಡಗೈಯಿಂದ ಲೋಟ ತಳ್ಳಿ ಕಿಟಕಿಯ ಹೊರಗೆ ತೋರಿಸಿದಳು. ತಟ್ಟೆಯ ಅಂಚಿನಲ್ಲಿ ಬಾಲ ಮೊಂಡಾದ ಗುಬ್ಬಿಯೊಂದು ಕೂತಿತ್ತು. ಅದು ಹಾರಿ ಬೇಲಿಯ ಮೇಲಿದ್ದ ಇನ್ನೊಂದು ಗುಬ್ಬಿಯ ಪಕ್ಕಕ್ಕೆ ಹೋಯಿತು, ಮತ್ತೆ ಬಂದು ಕೂತಿತು.

"ಅ...ದೇ," ಎಂದಳು ಅಕ್ಕ. ಮುಖ ಕೆಂಪಗಾಗಿತ್ತು. "ಅದೇ ಮೊಂಡ. ಇಳ್ದು... ಹತ್ತಿದ್ರೆ... ಇನ್ನೊಬ್ಬನಾ?"

ನರ್ಸಮ್ಮ ಲೋಟ ಹಿಡಿದೇ ನಿಂತಳು. ಏನೆಂದೆ ಎಂದು ಕೇಳಲಿಲ್ಲ. ಎಲ್ಲವೂ ಅರ್ಥವಾಗಿತ್ತು.

"ಹಾಗಾದ್ರೆ ಎಷ್ಟು?" ಎಂದಳು.

"ಎ...ರಡು. ಪೆದ್ದಿ."

ನಾಲ್ಕು ತಿಂಗಳ ಮೇಲೆ ಕಿವಿಗೆ ಬಿದ್ದ ಬೈಗುಳ. ನರ್ಸಮ್ಮ ನೆಲದ ಮೇಲೆಯೇ ಕುಸಿದು, ಅಕ್ಕನ ಮೊಣಕಾಲಿಗೆ ತಲೆ ಕೊಟ್ಟು ಅತ್ತಳು. ಅಕ್ಕ ಸ್ವಲ್ಪ ಹೊತ್ತು ಅಳಲು ಬಿಟ್ಟಳು. ಆಮೇಲೆ ಅವಳ ಕೈಯಿಂದ ಪೆನ್ನು ಎಳೆದುಕೊಂಡಳು.

"ಹೋಗ್... ಮಲ್ಕೋ. ನಾ... ಎಣಿಸ್ತೀನಿ."

ಮಲಗು ಎಂದು ಅವಳಿಗೆ ಯಾರಾದರೂ ಹೇಳಿ ನಾಲ್ಕು ತಿಂಗಳಾಗಿತ್ತು. ನರ್ಸಮ್ಮ ಹೋಗಿ ಮಲಗಿದಳು.