ಹಾಲಲ್ಲ, ನೀರು

ಹನುಮಂತಯ್ಯ ಹಾಲಿನ ಲೋಟವನ್ನು ಧನಲಕ್ಷ್ಮಿಯ ಹೆಣದ ತುಟಿಗೆ ಬಗ್ಗಿಸುವಷ್ಟರಲ್ಲಿ ಪಕ್ಕದ ಮನೆಯ ಮುನಿಯಮ್ಮ ಅವರ ಮಣಿಕಟ್ಟು ಹಿಡಿದುಬಿಟ್ಟಳು.

"ಹಾಲು ಬ್ಯಾಡ ಕಣಣ್ಣಾ. ನೀರು ಬುಡು."

"ಕೈ ಬುಡು ಮುನಿಯಮ್ಮ. ತಮ್ಮನ ಹೆಂಡ್ತಿ ಬಾಯಿಗೆ ಏನ್ ಬುಡ್ಬೇಕು ಅಂತ ನಂಗೊತ್ತಿಲ್ವಾ? ಮನೆಮನೇಲೂ ಹಸ ಇರೋ ಊರಲ್ಲಿ ಬರೀ ನೀರ್ ಬುಟ್ರೆ ಜನ ಉಗೀತಾರೆ."

"ಉಗೀಲಿ. ನರ್ಸಮ್ಮ ಬದುಕಿದ್ದಾಗ್ಲೇ ನಂಗೆ ಹೇಳೌಳೆ."

ಧನಲಕ್ಷ್ಮಿ ಕೈಲಾಂಚದ ಕಡೆಯ ಹಳ್ಳಿಗಳಲ್ಲಿ ನರ್ಸಾಗಿ ಸವೆದವಳು. ಬೆನ್ನ ಹಿಂದೆ ಊರು ಅವಳನ್ನು 'ಹಾಲ್‌ಬ್ಯಾಡಮ್ಮ' ಅನ್ನುತ್ತಿತ್ತು.

*

ಕೆಲವು ವರ್ಷಗಳ ಹಿಂದೆ ಮುನಿಯಮ್ಮನಿಗೆ ಮೂತ್ರದ ಸೋಂಕು ಕಿಡ್ನಿಗೇರಿ ಚಳಿಜ್ವರ. ಡಾಕ್ಟರು ಬರೆದುಕೊಟ್ಟ ಸಿಪ್ರೋಫ್ಲಾಕ್ಸಸಿನ್ ನುಂಗಿದರೂ ಇಳಿಯಲಿಲ್ಲ. ಧನಲಕ್ಷ್ಮಿ ಮನೆಗೇ ಬಂದಳು.

"ಯಾತರಲ್ಲಿ ನುಂಗ್ದೆ?"

"ಹಾಲಲ್ಲಿ. ಮಾತ್ರೆ ಉಷ್ಣ ಅಲ್ವಾ? ತಂಪಿಗೇಂತ ನಮ್ಮತ್ತೆ ಕೊಟ್ರು."

"ತಣ್ಣಗಾಗಿದ್ದು ಮಾತ್ರೆ ಕಣೆ, ನೀನಲ್ಲ! ಹಾಲಲ್ಲಿರೋ ಸುಣ್ಣದಂಶ ಅದನ್ನ ಹೊಟ್ಟೇಲೇ ಹಿಡ್ಕಂಡ್ಬುಡ್ತದೆ. ರಕ್ತಕ್ಕೇ ಹೋಗಲ್ಲ."

ಅತ್ತೆ ಬಾಗಿಲಲ್ಲೇ ಗುರುಗುಟ್ಟಿದಳು: "ನಮ್ಮ ಹಾಲಿಗೇ ಕೆಟ್ಟೆಸರು ತರ್ತಾಳೆ."

ಧನಲಕ್ಷ್ಮಿ ಜಗ್ಗಲಿಲ್ಲ. "ಹಾಲು ಬೇರೆ ಹೊತ್ತಲ್ಲಿ ಕುಡೀಲಿ. ಮಾತ್ರೆಗೆ ನೀರು, ಲೋಟದ ತುಂಬ. ಬಿಸಿಲಲ್ಲಿ ರೇಷ್ಮೆ ಸೊಪ್ಪು ಕುಯ್ಯಾಕೆ ಕಳಿಸ್ಬ್ಯಾಡಿ. ಮುನಿಯಮ್ಮ, ಈ ಮಾತ್ರೆಗೆ ಹಿಮ್ಮಡಿ ಮೇಲಿನ ನರ ನೊಂದ್ರೆ ಮಾತ್ರೆ ನಿಲ್ಸಿ ನನ್ನತ್ರ ಬಾ. ಜ್ವರ ಬುಡ್ತೂಂತ ಮಾತ್ರೇನೂ ಮಧ್ಯದಲ್ಲಿ ಬುಟ್ಟೀಯಾ, ಜೋಕೆ!"

ವಾಸಿಯಾದ ಮೇಲೆ ಮುನಿಯಮ್ಮ ಕೇಳಿದ್ದಳು: "ನಿಂಗೇನ್ ಕೊಡ್ಲಿ ನರ್ಸಮ್ಮ?"

"ನಾನ್ ಸತ್ತಾಗ ಬಾಯಿಗೆ ನೀರು ಬುಡ್ಸು. ಜನ್ಮೆಲ್ಲಾ ಹಾಲು ಬ್ಯಾಡ ಬ್ಯಾಡ ಅಂದು ಕೊನೇಲಿ ನಾನೇ ಕುಡ್ಕೊಂಡ್ ಹೋದ್ರೆ ನಿಮ್ಮತ್ತೆ ಗೆದ್ದಂಗೆ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

*

ಮುನಿಯಮ್ಮ ಹೇಳಿ ಮುಗಿಸಿದಾಗ ಹನುಮಂತಯ್ಯ ಗದರಿದರು: "ಅದು ತಮಾಸೆ ಮಾತು."

"ತಮಾಸೇನೇ. ಆದ್ರೂ ಮಾತು ಕೊಟ್ಟಿದ್ದೀನಿ."

ತಾಯಿಯ ತಲೆದೆಸೆಯಲ್ಲಿ ಕೂತಿದ್ದ ಮಗಳು ರಾಧಾಮಣಿ ಎದ್ದು ಒಳಗೆ ಹೋದಳು. ಚೊಂಬಿನ ತುಂಬ ನೀರು ತಂದಳು.

"ಒಸಿ ಸರ್ಕೋ ದೊಡ್ಡಪ್ಪ."

ಅವ್ವನ ತುಟಿಗೆ ನೀರು ಬಿಟ್ಟು ಚೊಂಬನ್ನು ಮುನಿಯಮ್ಮನ ಕೈಗಿತ್ತಳು. ಹಿಂದೆಯೇ ಹೆಂಗಸರು ಒಬ್ಬೊಬ್ಬರಾಗಿ ಎದ್ದರು. "ನಂಗೂ ಹಿಂಗೇ ಬೈದಿದ್ಲು" ಅಂದಳೊಬ್ಬಳು, ಮೂಗೊರೆಸುತ್ತ. ಚೊಂಬು ಬರಿದಾಗಿ ಮತ್ತೆ ತುಂಬಿತು. ಸಾಲು ಹನುಮಂತಯ್ಯನವರನ್ನು ಬಳಸಿಕೊಂಡು ಮುಂದೆ ಸಾಗಿತು. ಅವರು ಲೋಟ ಹಿಡಿದು ನಿಂತೇ ಇದ್ದರು. ಅದರಲ್ಲಿ ಹಾಲು ಕೆನೆಗಟ್ಟುತ್ತಿತ್ತು.